ಬಿದ್ದು ಏಳುವ ಮಕ್ಕಳು: ಒಂದು ಅಳತೆಯ ಇತಿಹಾಸ

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬರು ಧರ್ಮಕೇಂದ್ರದ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಅವರ ಪತಿ ತೀರಿಹೋಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಎಂಟು ವರ್ಷದ ಮಗ ತರಗತಿಯಲ್ಲಿ ಮಾತನಾಡುವುದನ್ನೇ ನಿಲ್ಲಿಸಿದ್ದನು. ಶಾಲೆಯ ಆಪ್ತಸಮಾಲೋಚಕಿ ತಾಯಿಯ ಕೈಗೆ ಒಂದು ನಮೂನೆಯನ್ನು ಕೊಟ್ಟು, ಮನೆಯಲ್ಲಿ ಕುಳಿತು ತುಂಬಿ ತರುವಂತೆ ಹೇಳಿದ್ದರು. ಪ್ರತಿ ಸಾಲಿನಲ್ಲಿಯೂ ಮಗುವಿನ ಬಗ್ಗೆ ಒಂದೊಂದು ಮಾತು. ಅದರ ಎದುರು ಮೂರು ಚೌಕಗಳು: ಸರಿಯಲ್ಲ, ಸ್ವಲ್ಪಮಟ್ಟಿಗೆ ಸರಿ, ಖಂಡಿತವಾಗಿ ಸರಿ.

"ಸ್ವಾಮಿ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಇವನನ್ನು ಬೇರೆ ಶಾಲೆಗೆ ಕಳಿಸಿಬಿಡುತ್ತಾರೇನೋ ಅಂತ ಭಯ. ಸುಳ್ಳು ಬರೆದರೆ ಇವನಿಗೆ ಸಿಗಬೇಕಾದ ಸಹಾಯ ಸಿಗೋದಿಲ್ಲ. ಯಾವುದಕ್ಕೆ ಗುರುತು ಹಾಕಲಿ?" ಎಂದು ಅವರು ಕೇಳಿದರು.

ಆ ದಿನ ನನ್ನ ಬಳಿ ತಕ್ಕ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳುಹಿಸಿದೆ. ಸೆಮಿನರಿಯಲ್ಲಿ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ್ದೆನಾದರೂ, ಇಂತಹ ನಮೂನೆಗಳು ಎಲ್ಲಿಂದ ಬಂದವು, ಅವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸಿ ನೋಡಿರಲಿಲ್ಲ. ಅಂದಿನಿಂದ ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇಂದು ನಮ್ಮ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇಂತಹ ಕಾಗದಗಳು ತಂದೆತಾಯಿಯರ ಕೈಸೇರುತ್ತಿರುವುದರಿಂದ, ಅವುಗಳ ಹಿಂದಿನ ಚರಿತ್ರೆಯನ್ನು ಅರಿತಿರುವುದು ಪ್ರತಿ ಕುಟುಂಬಕ್ಕೂ ಉಪಯುಕ್ತವೆಂದು ಭಾವಿಸುತ್ತೇನೆ.

ಪದದೊಳಗಿನ ಅರ್ಥ

ಕಷ್ಟಕ್ಕೆ ಸಿಕ್ಕಿಯೂ ಕುಸಿಯದೆ ಮತ್ತೆ ಎದ್ದು ನಿಲ್ಲುವ ಗುಣವನ್ನು ಮನಶ್ಶಾಸ್ತ್ರಜ್ಞರು ರೆಸಿಲಿಯನ್ಸ್ ಎಂದು ಕರೆಯುತ್ತಾರೆ. ಹಿಂದಕ್ಕೆ ಜಿಗಿಯುವುದು ಎಂಬ ಅರ್ಥದ ರೆಸಿಲಿರೆ ಎಂಬ ಲ್ಯಾಟಿನ್ ಕ್ರಿಯಾಪದ ಇದರ ಮೂಲ. ಒತ್ತಿದ ಸ್ಪ್ರಿಂಗು ಕೈ ಬಿಟ್ಟೊಡನೆ ತನ್ನ ಆಕಾರಕ್ಕೆ ಮರಳುವುದನ್ನು ವಿವರಿಸಲು ಭೌತವಿಜ್ಞಾನದಲ್ಲಿ ಬಳಕೆಯಾದ ಈ ಪದವು ಕ್ರಮೇಣ ಮನಸ್ಸಿನ ಶಾಸ್ತ್ರಕ್ಕೂ ಬಂದಿತು. ಕನ್ನಡದಲ್ಲಿ ಇದನ್ನು ಪುಟಿದೇಳುವ ಶಕ್ತಿ ಎನ್ನಬಹುದು. ಆದರೆ ಮಗು ಸ್ಪ್ರಿಂಗಿನ ಹಾಗಲ್ಲ. ತಂದೆಯನ್ನು ಕಳೆದುಕೊಂಡ ಮಗು ಮತ್ತೆ ನಗುವುದನ್ನು ಕಲಿಯಬಹುದು. ಮೊದಲಿನ ಮಗುವೇ ಆಗಿ ಹಿಂತಿರುಗುವುದಿಲ್ಲ.

ಈ ಶಕ್ತಿಯನ್ನು ಅಳೆಯಲು ಹೊರಟವರಿಗೆ ಆರಂಭದಲ್ಲೇ ಒಂದು ತೊಡಕು ಎದುರಾಯಿತು. ಎತ್ತರವನ್ನೋ ತೂಕವನ್ನೋ ನೇರವಾಗಿ ಅಳೆಯಬಹುದು. ಪುಟಿದೇಳುವ ಶಕ್ತಿಯನ್ನು ಹಾಗೆ ಅಳೆಯಲಾಗದು. ಮಗುವಿಗೆ ನಿಜವಾದ ಕಷ್ಟ ಎದುರಾಗಿತ್ತೇ ಎಂಬುದು ಮೊದಲನೆಯ ಪ್ರಶ್ನೆ. ಆ ಕಷ್ಟದ ನಡುವೆಯೂ ಮಗು ಚೆನ್ನಾಗಿ ಬೆಳೆಯುತ್ತಿದೆಯೇ ಎಂಬುದು ಎರಡನೆಯದು. ಇವೆರಡನ್ನೂ ಬೇರೆಬೇರೆಯಾಗಿ ತಿಳಿದುಕೊಂಡ ಮೇಲೆಯೇ ಆ ಶಕ್ತಿಯ ಬಗ್ಗೆ ಏನಾದರೂ ಹೇಳಲು ಸಾಧ್ಯ. ಯಾವ ಕಷ್ಟವನ್ನೂ ಕಾಣದ ಮಗು ಸಂತೋಷವಾಗಿದ್ದರೆ ಅದು ಭಾಗ್ಯವಂತ ಮಗು. ಅದರ ಸ್ಥೈರ್ಯದ ಪರೀಕ್ಷೆ ಇನ್ನೂ ಆಗಿಲ್ಲ. ಇನ್ನು, ಮಾತೂ ಬಾರದ ಮಗುವಿನ ಬಗ್ಗೆ ಈ ಎರಡು ಪ್ರಶ್ನೆಗಳನ್ನು ಯಾರನ್ನು ಕೇಳಬೇಕು? ಹಗಲಿರುಳು ಜೊತೆಗಿದ್ದು ಸಾಕುವವರನ್ನೇ ಕೇಳಬೇಕಾಯಿತು.

ಸಾಕುವವರೇ ಸಾಕ್ಷಿಗಳು

ಮಕ್ಕಳ ಮನಸ್ಸಿನ ಅಧ್ಯಯನ ಆರಂಭವಾದದ್ದೇ ತಂದೆತಾಯಿಯರ ದಿನಚರಿಗಳಿಂದ. ಚಾರ್ಲ್ಸ್ ಡಾರ್ವಿನ್ ತನ್ನ ಚೊಚ್ಚಲ ಮಗ ವಿಲಿಯಂ 1839ರಲ್ಲಿ ಹುಟ್ಟಿದಾಗ ಅವನ ಅಳು, ನಗು, ಕೋಪ, ಭಯಗಳನ್ನು ಬರೆದಿಟ್ಟುಕೊಂಡಿದ್ದನು. ಆ ಟಿಪ್ಪಣಿಗಳನ್ನು ಆಧರಿಸಿದ ಲೇಖನವನ್ನು 1877ರಲ್ಲಿ ಪ್ರಕಟಿಸಿದನು. ಬಳಿಕ ಅಮೆರಿಕದ ಜಿ. ಸ್ಟ್ಯಾನ್ಲಿ ಹಾಲ್ ಎಂಬ ವಿದ್ವಾಂಸರು 1890ರ ದಶಕದಲ್ಲಿ ಪ್ರಶ್ನೆಗಳ ಪಟ್ಟಿಗಳನ್ನು ಅಚ್ಚು ಹಾಕಿಸಿ, ಶಿಕ್ಷಕರಿಗೂ ತಂದೆತಾಯಿಯರಿಗೂ ಕಳುಹಿಸಿ ಉತ್ತರಗಳನ್ನು ರಾಶಿರಾಶಿಯಾಗಿ ಸಂಗ್ರಹಿಸಿದರು. ಉತ್ತರಿಸಿದವರು ಯಾರು, ಎಷ್ಟು ಎಚ್ಚರದಿಂದ ಉತ್ತರಿಸಿದರು ಎಂಬುದಕ್ಕೆ ಹಿಡಿತವಿಲ್ಲವೆಂಬ ಆಕ್ಷೇಪ ಆಗಲೇ ಕೇಳಿಬಂದಿತು.

ಈ ಆಕ್ಷೇಪಕ್ಕೆ ಗಟ್ಟಿಯಾದ ಆಧಾರ ದೊರೆತದ್ದು 1963ರಲ್ಲಿ. ನ್ಯೂಯಾರ್ಕಿನಲ್ಲಿ ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ ದಂಪತಿಗಳು 1956ರಿಂದ ಕೆಲವು ಮಕ್ಕಳನ್ನು ಹಸುಳೆತನದಿಂದಲೇ ಗಮನಿಸುತ್ತಾ, ತಂದೆತಾಯಿಯರು ಹೇಳಿದ್ದನ್ನೆಲ್ಲ ಆಗಿಂದಾಗಲೇ ಬರೆದಿಡುತ್ತಿದ್ದರು. ಲಿಲಿಯನ್ ರಾಬಿನ್ಸ್ ಎಂಬ ಸಂಶೋಧಕಿ ಅದೇ ತಂದೆತಾಯಿಯರನ್ನು ಮಕ್ಕಳಿಗೆ ಮೂರು ವರ್ಷವಾದಾಗ ಭೇಟಿಯಾಗಿ, ಹಾಲು ಬಿಡಿಸಿದ್ದು ಯಾವಾಗ, ಶೌಚದ ಅಭ್ಯಾಸ ಮಾಡಿಸಿದ್ದು ಯಾವಾಗ ಎಂದು ಮತ್ತೆ ಕೇಳಿದರು. ಹೊಸ ಉತ್ತರಗಳು ಹಳೆಯ ದಾಖಲೆಗೆ ಅನೇಕ ಕಡೆ ಹೊಂದಲಿಲ್ಲ. ತಪ್ಪುಗಳು ಒಂದೇ ದಿಕ್ಕಿನತ್ತ ವಾಲಿದ್ದವು ಎಂಬುದು ಗಮನಾರ್ಹ. ಮಕ್ಕಳ ಪಾಲನೆಯ ಬಗ್ಗೆ ಅಂದಿನ ತಜ್ಞರು ಏನನ್ನು ಸರಿಯೆಂದು ಹೇಳುತ್ತಿದ್ದರೋ, ತಾವು ಮಾಡಿದ್ದೂ ಅದನ್ನೇ ಎಂದು ತಂದೆತಾಯಿಯರು ನೆನಪಿಸಿಕೊಂಡಿದ್ದರು. ಅವರಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಒಳ್ಳೆಯ ತಾಯಿಯಾಗಿದ್ದೆನೆಂದು ನಂಬಬಯಸುವ ಮನಸ್ಸು ನೆನಪನ್ನು ಮೆಲ್ಲಗೆ ತಿದ್ದಿತ್ತು.

ಇದರಿಂದ ಸಂಶೋಧಕರು ಕಲಿತ ಪಾಠ ಸರಳವಾದುದು. ಮಗು ಹಿಂದೆ ಹೇಗಿತ್ತು ಎಂದು ವರ್ಷಗಳ ನಂತರ ಕೇಳಬಾರದು. ಈಗ ಹೇಗಿದೆ ಎಂದು ಈಗಲೇ ಕೇಳಬೇಕು, ಮತ್ತೆ ಕೆಲವು ವರ್ಷಗಳ ನಂತರ ಅದೇ ಮಗುವಿನ ಬಳಿಗೆ ಮರಳಿ ಹೋಗಬೇಕು.

ಕವಾಯಿ ದ್ವೀಪದ ಮಕ್ಕಳು

ಹೀಗೆ ಮರಳಿ ಮರಳಿ ಹೋದವರಲ್ಲಿ ಎಮ್ಮಿ ವರ್ನರ್ ಅವರ ಹೆಸರು ಅಗ್ರಗಣ್ಯವಾದುದು. ಜರ್ಮನಿಯಲ್ಲಿ 1929ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಡುವೆ ಬಾಲ್ಯವನ್ನು ಕಳೆದ ಈಕೆ ಮುಂದೆ ಅಮೆರಿಕಕ್ಕೆ ಹೋಗಿ ಮನಶ್ಶಾಸ್ತ್ರಜ್ಞೆಯಾದರು. ಹವಾಯಿ ದ್ವೀಪಸಮೂಹದ ಕವಾಯಿ ಎಂಬ ಪುಟ್ಟ ದ್ವೀಪವೇ ಅವರ ಕಾರ್ಯಕ್ಷೇತ್ರ. ಕಬ್ಬು, ಅನಾನಸು ತೋಟಗಳಲ್ಲಿ ದುಡಿಯಲೆಂದು ಜಪಾನ್, ಫಿಲಿಪ್ಪೀನ್ಸ್, ಪೋರ್ಚುಗಲ್ ಮುಂತಾದ ಕಡೆಗಳಿಂದ ಬಂದವರ ಸಂತತಿಯೂ ಮೂಲನಿವಾಸಿಗಳೂ ಅಲ್ಲಿ ಬೆರೆತು ಬದುಕುತ್ತಿದ್ದರು. ಆ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಈ ಅಧ್ಯಯನ ಕೈಗೆತ್ತಿಕೊಂಡಿತು. ಮಕ್ಕಳ 1, 2, 10, 18, 32 ಮತ್ತು 40ನೆಯ ವಯಸ್ಸಿನ ಆಸುಪಾಸಿನಲ್ಲಿ ಸಂಶೋಧಕರು ಅವರನ್ನು ಮತ್ತೆ ಮತ್ತೆ ಕಂಡರು. ರೂತ್ ಸ್ಮಿತ್ ಅವರು ವರ್ನರ್ ಅವರ ದೀರ್ಘಕಾಲದ ಜೊತೆಗಾರ್ತಿ.

ಮಗುವಿಗೆ ಒಂದು ವರ್ಷವಾದಾಗ ಸಾರ್ವಜನಿಕ ಆರೋಗ್ಯ ಇಲಾಖೆಯ ದಾದಿಯರು ಮನೆಮನೆಗೆ ಹೋಗಿ ತಾಯಂದಿರನ್ನು ಮಾತನಾಡಿಸಿದರು. ಮಗು ಚಟುವಟಿಕೆಯಿಂದ ಇದೆಯೇ, ಅಪ್ಪಿಕೊಂಡರೆ ಒಗ್ಗುತ್ತದೆಯೇ, ಊಟ ನಿದ್ರೆಗಳಲ್ಲಿ ಕಾಟ ಕೊಡುತ್ತದೆಯೇ ಎಂಬಂತಹ ವಿಷಯಗಳನ್ನು ಕೇಳಿ ಬರೆದುಕೊಂಡರು. ಆ ಬಳಿಕ, ಮಗುವಿಗೆ ಸುಮಾರು 20 ತಿಂಗಳಾದಾಗ, ಮಕ್ಕಳ ವೈದ್ಯರೂ ಮನಶ್ಶಾಸ್ತ್ರಜ್ಞರೂ ಪ್ರತ್ಯೇಕವಾಗಿ ಪರೀಕ್ಷಿಸಿ ತಮ್ಮ ಅಭಿಪ್ರಾಯವನ್ನು ದಾಖಲಿಸಿದರು. ಹೀಗೆ ತಾಯಿಯ ಮಾತಿನ ಪಕ್ಕದಲ್ಲಿ ಇನ್ನೊಬ್ಬರ ಕಣ್ಣಿನ ಸಾಕ್ಷ್ಯವನ್ನೂ ಇಟ್ಟುಕೊಂಡದ್ದು ಈ ಅಧ್ಯಯನದ ವಿವೇಕ.

ಈ ಮಕ್ಕಳಲ್ಲಿ 201 ಮಂದಿ ಎರಡು ವರ್ಷ ತುಂಬುವುದರೊಳಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟಗಳಿಗೆ ಸಿಲುಕಿದ್ದರು. ಹೆರಿಗೆಯ ತೊಂದರೆ, ಕಡುಬಡತನ, ಓದುಬರಹವಿಲ್ಲದ ಮನೆ, ತಂದೆತಾಯಿಯರ ಜಗಳ, ಕುಡಿತ, ಮಾನಸಿಕ ಕಾಯಿಲೆ ಹೀಗೆ ಒಂದರ ಮೇಲೊಂದು. ಇವರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಮಕ್ಕಳಿಗೆ ಹತ್ತು ಅಥವಾ ಹದಿನೆಂಟರ ವಯಸ್ಸಿನೊಳಗೆ ಕಲಿಕೆಯಲ್ಲಿಯೋ ನಡತೆಯಲ್ಲಿಯೋ ಗಂಭೀರ ಸಮಸ್ಯೆಗಳು ಕಾಣಿಸಿಕೊಂಡವು. ಆದರೆ 72 ಮಂದಿ, ಅಂದರೆ 42 ಹೆಣ್ಣುಮಕ್ಕಳು ಮತ್ತು 30 ಗಂಡುಮಕ್ಕಳು, ಇತರರ ಬಗ್ಗೆ ಕಾಳಜಿಯುಳ್ಳ ಸಮರ್ಥ ತರುಣ ತರುಣಿಯರಾಗಿ ಬೆಳೆದರು. ಇದೇ ಹಿನ್ನೆಲೆಯ ಇತರ ಮಕ್ಕಳಿಗೆ ಆಗದ್ದು ಇವರಿಗೆ ಹೇಗೆ ಸಾಧ್ಯವಾಯಿತು?

ಹಳೆಯ ಕಡತಗಳನ್ನು ತೆರೆದು ನೋಡಿದಾಗ, ಈ ಮಕ್ಕಳನ್ನು ಒಂದು ವರ್ಷದವರಿದ್ದಾಗಲೇ ತಾಯಂದಿರು ಚುರುಕಾದ, ಒಲವಿನಿಂದ ಒಗ್ಗುವ, ಸಮಾಧಾನದ ಕೂಸುಗಳೆಂದು ಬಣ್ಣಿಸಿದ್ದುದು ತಿಳಿದುಬಂದಿತು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿತ್ತು. ಇಂತಹ ಪ್ರತಿ ಮಗುವಿಗೂ ತನ್ನನ್ನು ನಿಜವಾಗಿ ನೆಚ್ಚಿದ ಕನಿಷ್ಠ ಒಬ್ಬರಾದರೂ ಇದ್ದರು. ತಾಯಿಗೆ ಸಾಧ್ಯವಾಗದಿದ್ದಲ್ಲಿ ಅಜ್ಜಿ, ಅತ್ತೆ, ಅಕ್ಕ, ನೆರೆಮನೆಯಾಕೆ, ಶಾಲೆಯ ಗುರು ಆ ಸ್ಥಾನವನ್ನು ತುಂಬಿದ್ದರು. ಅನೇಕ ಮಕ್ಕಳಿಗೆ ಮನೆಯಲ್ಲಿ ಒಂದು ಜವಾಬ್ದಾರಿಯೂ ಇತ್ತು: ತಮ್ಮನನ್ನು ನೋಡಿಕೊಳ್ಳುವುದು, ಅಡಿಗೆಗೆ ನೆರವಾಗುವುದು ಇತ್ಯಾದಿ. ತನ್ನಿಂದ ಯಾರಿಗೋ ಉಪಯೋಗವಿದೆ ಎಂಬ ಅರಿವು ಮಗುವನ್ನು ನಿಲ್ಲಿಸಿತ್ತು. ಬೌದ್ಧರಿರಲಿ, ಕಥೋಲಿಕರಿರಲಿ, ಬೇರೆ ಸಭೆಗಳವರಿರಲಿ, ವಿಶ್ವಾಸದ ಸಮುದಾಯವೊಂದು ಅನೇಕರಿಗೆ ಆಸರೆಯಾಗಿತ್ತೆಂದು ವರ್ನರ್ ದಾಖಲಿಸಿದ್ದಾರೆ.

ಅಧ್ಯಯನದ ಕೊನೆಯ ಅಧ್ಯಾಯ ಇನ್ನೂ ಹೆಚ್ಚಿನ ಭರವಸೆ ಕೊಡುವಂತಹುದು. ಕವಾಯಿಯನ್ನು 1992ರ ಸೆಪ್ಟೆಂಬರಿನಲ್ಲಿ ಇನಿಕಿ ಎಂಬ ಭಾರೀ ಚಂಡಮಾರುತ ಧ್ವಂಸಗೊಳಿಸಿತ್ತು. ಅದರ ನಂತರ, ನಲವತ್ತರ ವಯಸ್ಸಿನಲ್ಲಿ ಮತ್ತೆ ಭೇಟಿಯಾದಾಗ, ಹದಿಹರೆಯದಲ್ಲಿ ಎಡವಿದ್ದವರಲ್ಲಿಯೂ ಬಹುಪಾಲು ಜನ ಚೇತರಿಸಿಕೊಂಡಿದ್ದರು. ಮತ್ತೆ ಶಾಲೆಗೆ ಸೇರಿದ್ದು, ಸೈನ್ಯದ ಶಿಸ್ತು, ಒಳ್ಳೆಯ ಬಾಳಸಂಗಾತಿ, ವಿಶ್ವಾಸದ ಬದುಕು ಮುಂತಾದವು ಅವರಿಗೆ ತಿರುವುಗಳಾಗಿದ್ದವು. ಹದಿನೆಂಟರಲ್ಲಿ ಬರೆದ ಅಂಕವು ನಲವತ್ತರ ತೀರ್ಪಾಗಲಿಲ್ಲ.

ಎರಡು ಕಣ್ಣುಗಳ ಲೆಕ್ಕ

ಕವಾಯಿಯ ದಾದಿಯರಂತೆ ಪ್ರತಿ ಮನೆಗೂ ಹೋಗಿ ಗಂಟೆಗಟ್ಟಲೆ ಕುಳಿತುಕೊಳ್ಳುವುದು ಎಲ್ಲೆಡೆ ಸಾಧ್ಯವಾಗದು. ಸಾವಿರಾರು ಮಕ್ಕಳ ನಡುವೆ ಸಹಾಯ ಬೇಕಾದವರನ್ನು ಗುರುತಿಸಲು ಚಿಕ್ಕದಾದ, ಒಂದೇ ರೀತಿಯ ಪ್ರಶ್ನಾವಳಿ ಬೇಕಾಯಿತು. ಇಂಗ್ಲೆಂಡಿನ ದಕ್ಷಿಣ ತೀರದ ಐಲ್ ಆಫ್ ವೈಟ್ ದ್ವೀಪದಲ್ಲಿ 1964–65ರಲ್ಲಿ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಈ ಕೆಲಸಕ್ಕೆ ಕೈಹಾಕಿದರು. ರಟ್ಟರ್ ಅವರ ಬಾಲ್ಯವೂ ಇಲ್ಲಿ ನೆನೆಯತಕ್ಕದ್ದು. ಲೆಬನಾನಿನಲ್ಲಿ 1933ರಲ್ಲಿ ಹುಟ್ಟಿದ ಅವರನ್ನು ಯುದ್ಧದ ಕಾರಣ 1940ರಲ್ಲಿ, ಸುಮಾರು ಏಳರ ವಯಸ್ಸಿನಲ್ಲಿ, ತಂದೆತಾಯಿಯರಿಂದ ದೂರವಾಗಿ ಅಮೆರಿಕಕ್ಕೆ ಕಳುಹಿಸಲಾಗಿತ್ತು. ಕಷ್ಟಕ್ಕೆ ಸಿಕ್ಕ ಎಲ್ಲ ಮಕ್ಕಳೂ ಒಂದೇ ರೀತಿಯಲ್ಲಿ ಏಕೆ ಬೆಳೆಯುವುದಿಲ್ಲ ಎಂಬ ಪ್ರಶ್ನೆಯನ್ನು ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ರಟ್ಟರ್ ಒಂದೇ ಮಗುವಿನ ಬಗ್ಗೆ ತಂದೆತಾಯಿಯರಿಗೆ ಒಂದು, ಶಿಕ್ಷಕರಿಗೆ ಒಂದು ಎಂದು ಎರಡು ಪ್ರಶ್ನಾವಳಿಗಳನ್ನು ಕೊಟ್ಟರು. ತೊಂದರೆಯಲ್ಲಿರುವವರೆಂದು ತಂದೆತಾಯಿಯರು ಸೂಚಿಸಿದ ಮಕ್ಕಳ ಪಟ್ಟಿ ಮತ್ತು ಶಿಕ್ಷಕರು ಸೂಚಿಸಿದವರ ಪಟ್ಟಿ ಇವೆರಡರಲ್ಲಿಯೂ ಇದ್ದ ಹೆಸರುಗಳು ಬಹಳ ಕಡಿಮೆ. ರಟ್ಟರ್ ಅವರ ಇನ್ನೊಂದು ಲೆಕ್ಕವೂ ಹೆಸರುವಾಸಿಯಾಯಿತು. ಕುಟುಂಬದ ಆರು ಬಗೆಯ ಕಷ್ಟಗಳಲ್ಲಿ ಒಂದೇ ಇದ್ದ ಮಕ್ಕಳ ಸ್ಥಿತಿ ಯಾವ ಕಷ್ಟವೂ ಇಲ್ಲದ ಮಕ್ಕಳಿಗಿಂತ ಕೆಟ್ಟದಾಗಿರಲಿಲ್ಲ. ಎರಡು ಕಷ್ಟಗಳು ಕೂಡಿದಾಗ ಮಾನಸಿಕ ತೊಂದರೆಯ ಸಂಭವ ಸುಮಾರು ನಾಲ್ಕು ಪಟ್ಟು ಏರಿತು. ನಾಲ್ಕು ಕೂಡಿದಾಗ ಇನ್ನೂ ಕಡಿದಾಗಿ ಏರಿತು. ಇದನ್ನು ಅವರು 1979ರಲ್ಲಿ ಪ್ರಕಟಿಸಿದರು. ಮಗುವಿನ ಹೆಗಲ ಮೇಲಿನ ಹೊರೆಗಳಲ್ಲಿ ಒಂದನ್ನಾದರೂ ಇಳಿಸಿದರೆ ದೊಡ್ಡ ಪ್ರಯೋಜನವಿದೆ ಎಂಬ ಅರ್ಥ ಇದರಲ್ಲಿ ಅಡಗಿದೆ.

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಥಾಮಸ್ ಅಕೆನ್‌ಬಾಕ್ ಅವರು 1980ರ ದಶಕದಲ್ಲಿ ಬಳಕೆಗೆ ತಂದ ನಡವಳಿಕೆಯ ಪಟ್ಟಿಯಲ್ಲಿ 118 ಬಗೆಯ ಸಮಸ್ಯೆಗಳ ಸಾಲುಗಳಿದ್ದವು. ಅವರೂ ಸಹೋದ್ಯೋಗಿಗಳೂ 1987ರಲ್ಲಿ 119 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ, ಒಂದೇ ಮಗುವಿನ ಬಗ್ಗೆ ಬೇರೆಬೇರೆಯವರ ಉತ್ತರಗಳು ಎಷ್ಟು ಹೊಂದುತ್ತವೆ ಎಂದು ನೋಡಿದರು. ಪೂರ್ತಿ ಹೊಂದಾಣಿಕೆಗೆ 1, ಏನೂ ಹೊಂದದಿದ್ದರೆ 0 ಎಂದಿಟ್ಟುಕೊಳ್ಳೋಣ. ತಾಯಿ ಮತ್ತು ತಂದೆಯಂತೆ ಒಂದೇ ಸ್ಥಾನದಲ್ಲಿರುವವರ ನಡುವೆ ಅದು ಸರಾಸರಿ 0.60 ಇತ್ತು. ತಂದೆತಾಯಿ ಮತ್ತು ಶಿಕ್ಷಕರಂತೆ ಬೇರೆ ಸ್ಥಾನದಲ್ಲಿರುವವರ ನಡುವೆ 0.28, ಮಗುವಿನ ಸ್ವಂತ ಮಾತು ಮತ್ತು ಹಿರಿಯರ ಮಾತಿನ ನಡುವೆ 0.22 ಮಾತ್ರ.

ಈ ಅಂಕೆಗಳನ್ನು ಕಂಡು ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತೀರ್ಮಾನಿಸುವುದು ಸುಲಭ. ಸಂಶೋಧಕರು ಬೇರೆ ರೀತಿಯಲ್ಲಿ ಅರ್ಥಮಾಡಿಕೊಂಡರು. ಶಾಲೆಯಲ್ಲಿ ಬಾಯಿ ಬಿಡದ ಮಗು ಮನೆಯಲ್ಲಿ ಅರಳು ಹುರಿದಂತೆ ಮಾತನಾಡಬಹುದು. ಮನೆಯಲ್ಲಿ ಹಟ ಹಿಡಿಯುವವನು ಆಟದ ಬಯಲಿನಲ್ಲಿ ನಾಯಕನಾಗಿರಬಹುದು. ತಾಯಿಯೂ ಶಿಕ್ಷಕರೂ ಒಂದೇ ಮಗುವಿನ ಎರಡು ಮುಖಗಳನ್ನು ಕಾಣುತ್ತಾರೆ. ಆದ್ದರಿಂದ ಒಬ್ಬರ ಕಾಗದದ ಮೇಲಷ್ಟೇ ತೀರ್ಮಾನ ಕೈಗೊಳ್ಳಬಾರದು. ಸಾಕುವವರ ಸ್ವಂತ ಮನಃಸ್ಥಿತಿಯೂ ಉತ್ತರದಲ್ಲಿ ಬೆರೆಯಬಲ್ಲದು. ದುಃಖದಲ್ಲಿ ಮುಳುಗಿದ ತಾಯಿಗೆ ಮಗುವಿನ ಸಣ್ಣ ತುಂಟತನವೂ ದೊಡ್ಡದಾಗಿ ಕಾಣಬಹುದೇ ಎಂಬ ಚರ್ಚೆ ವಿದ್ವಾಂಸರ ನಡುವೆ ದಶಕಗಳ ಕಾಲ ನಡೆದಿದೆ.

ಕೊರತೆಯ ಪಟ್ಟಿಯಿಂದ ಶಕ್ತಿಯ ಪಟ್ಟಿಗೆ

ಆ ಪ್ರಶ್ನಾವಳಿಗಳ ಗಮನವೆಲ್ಲ ಮಗುವಿನ ಕೊರತೆಗಳ ಮೇಲೆಯೇ ನೆಟ್ಟಿತ್ತು. ಮಗು ಸುಳ್ಳು ಹೇಳುತ್ತದೆಯೇ, ಹಾಸಿಗೆ ಒದ್ದೆ ಮಾಡುತ್ತದೆಯೇ, ಹೊಡೆದಾಡುತ್ತದೆಯೇ ಎಂದೇ ಕೇಳುತ್ತಾ ಹೋದರೆ, ತಾಯಿಯ ಮನಸ್ಸು ಕುಗ್ಗುವುದು ಸಹಜ. ಇತ್ತ ಅಮೆರಿಕದ ಮಿನ್ನೆಸೋಟದಲ್ಲಿ ನಾರ್ಮನ್ ಗಾರ್ಮೆಜಿ ಎಂಬ ಮನಶ್ಶಾಸ್ತ್ರಜ್ಞರು, ಮಾನಸಿಕ ಕಾಯಿಲೆಯ ತಂದೆತಾಯಿಯರ ಮಕ್ಕಳಲ್ಲಿಯೂ ಅನೇಕರು ಚೆನ್ನಾಗಿ ಬೆಳೆಯುತ್ತಿರುವುದನ್ನು ಕಂಡು, ಮಕ್ಕಳ ಸಾಮರ್ಥ್ಯವನ್ನು ಅರಸಬೇಕೆಂದು 1970ರ ದಶಕದಿಂದ ಪ್ರತಿಪಾದಿಸುತ್ತಿದ್ದರು. ಅವರ ಶಿಷ್ಯೆ ಆ್ಯನ್ ಮಾಸ್ಟೆನ್ ಅವರು 2001ರಲ್ಲಿ ಬರೆದ ಲೇಖನದಲ್ಲಿ, ಈ ಶಕ್ತಿ ಅಪರೂಪದ ಮಕ್ಕಳ ಸೊತ್ತಲ್ಲವೆಂದೂ, ಪ್ರೀತಿಸುವ ಹಿರಿಯರು, ಕಲಿಯುವ ಮೆದುಳು, ಆತ್ಮಸಂಯಮ ಮುಂತಾದ ಸಾಧಾರಣ ಸಂಗತಿಗಳಿಂದಲೇ ಇದು ಮೂಡುವುದೆಂದೂ ತೋರಿಸಿ, ಇದನ್ನು ಸಾಮಾನ್ಯರ ಜಾದೂ ಎಂಬ ಅರ್ಥದ ಹೆಸರಿನಿಂದ ಕರೆದರು.

ಈ ದೃಷ್ಟಿ ಪ್ರಶ್ನಾವಳಿಗಳ ಒಳಗೂ ಇಳಿದುಬಂದಿತು. ಲಂಡನ್ನಿನ ರಾಬರ್ಟ್ ಗುಡ್‌ಮನ್ ಎಂಬ ಮನೋವೈದ್ಯರು 1994ರಲ್ಲಿ ರಟ್ಟರ್ ಅವರ ಹಳೆಯ ಪಟ್ಟಿಗೆ ಮಕ್ಕಳ ಒಳ್ಳೆಯ ಗುಣಗಳ ಸಾಲುಗಳನ್ನು ಸೇರಿಸಿ ನೋಡಿದರು. ಬಳಿಕ 1997ರಲ್ಲಿ 25 ಸಾಲುಗಳ ಹೊಸ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮನಸ್ಸಿನ ಬೇಗುದಿ, ನಡತೆ, ಚಂಚಲತೆ, ಗೆಳೆಯರೊಡನೆ ಹೊಂದಾಣಿಕೆ, ಪರೋಪಕಾರ ಎಂಬ ಐದು ಗುಂಪುಗಳು; ಪ್ರತಿ ಗುಂಪಿಗೆ ಐದು ಸಾಲು; ಪ್ರತಿ ಸಾಲಿಗೆ 0, 1 ಅಥವಾ 2 ಅಂಕ. ಮೊದಲ ನಾಲ್ಕು ಗುಂಪುಗಳನ್ನು ಕೂಡಿಸಿದರೆ ಕಷ್ಟಗಳ ಮೊತ್ತ 0ಯಿಂದ 40ರವರೆಗೆ ಬರುತ್ತದೆ. ಪರೋಪಕಾರದ ಅಂಕವನ್ನು ಅದರೊಡನೆ ಕೂಡಿಸದೆ ಬೇರೆಯಾಗಿಯೇ ಇಡುತ್ತಾರೆ. ಒಳ್ಳೆಯ ಗುಣವು ಕಷ್ಟವನ್ನು ಅಳಿಸಿಹಾಕದು, ಕಷ್ಟವೂ ಒಳ್ಳೆಯ ಗುಣವನ್ನು ಅಳಿಸಿಹಾಕದು ಎಂಬ ತಿಳಿವಳಿಕೆ ಈ ಲೆಕ್ಕದ ಕ್ರಮದಲ್ಲಿಯೇ ಇದೆ.

ಅಮೆರಿಕದಲ್ಲಿ 1999ರಲ್ಲಿ ಪೌಲ್ ಲೆಬಫ್ ಮತ್ತು ಜಾಕ್ ನಾಗ್ಲಿಯೇರಿ ಅವರು ಡೆವೆರೊ ಸಂಸ್ಥೆಗಾಗಿ ಸಿದ್ಧಪಡಿಸಿದ ಪ್ರಶ್ನಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡರಿಂದ ಐದು ವರ್ಷದ ಮಕ್ಕಳನ್ನು ಕುರಿತ ಅದರ 37 ಸಾಲುಗಳಲ್ಲಿ 27 ಸಾಲುಗಳು ಮಗುವಿನ ಶಕ್ತಿಗಳ ಬಗ್ಗೆಯೇ ಇವೆ: ತಾನಾಗಿ ಮುಂದಾಗುವುದು, ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಹಿರಿಯರೊಡನೆ ಒಲವಿನ ಬಂಧ. ಕಳೆದ ನಾಲ್ಕು ವಾರಗಳಲ್ಲಿ ಇದನ್ನು ಎಷ್ಟು ಬಾರಿ ಕಂಡಿರಿ ಎಂಬುದೇ ಅಲ್ಲಿನ ಪ್ರಶ್ನೆ. ಮಗು ಒಳ್ಳೆಯದೋ ಕೆಟ್ಟದೋ ಎಂದು ತಾಯಿ ತೀರ್ಪು ಕೊಡಬೇಕಾಗಿಲ್ಲ; ಕಂಡದ್ದನ್ನು ಹೇಳಿದರೆ ಸಾಕು. ರಾಬಿನ್ಸ್ ತೋರಿಸಿಕೊಟ್ಟ ನೆನಪಿನ ದೋಷಕ್ಕೆ ಇದು ಒಂದು ಪರಿಹಾರವಾಯಿತು.

ಆದರೂ ಒಂದು ನಾಡಿನ ಪ್ರಶ್ನೆಗಳು ಇನ್ನೊಂದು ನಾಡಿಗೆ ಹೊಂದುವುದೇ? ಹಿರಿಯರ ಎದುರು ತನ್ನ ಅಭಿಪ್ರಾಯವನ್ನು ಧೈರ್ಯವಾಗಿ ಹೇಳುವುದನ್ನು ಒಂದು ಸಮಾಜ ಸ್ಥೈರ್ಯವೆನ್ನುತ್ತದೆ. ಇನ್ನೊಂದು ಸಮಾಜ ಉದ್ಧಟತನವೆನ್ನುತ್ತದೆ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿರುವ ಡಲ್‌ಹೌಸಿ ವಿಶ್ವವಿದ್ಯಾಲಯದ ಮೈಕೆಲ್ ಉಂಗರ್ ಮತ್ತು ಲಿಂಡಾ ಲೀಬೆನ್‌ಬರ್ಗ್ ಅವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಭಾರತವೂ ಸೇರಿದಂತೆ 11 ದೇಶಗಳ 14 ಸಮುದಾಯಗಳಲ್ಲಿ, ಮಕ್ಕಳು ಚೆನ್ನಾಗಿ ಬೆಳೆಯುವುದೆಂದರೆ ನಿಮ್ಮಲ್ಲಿ ಏನು ಅರ್ಥ ಎಂದು ಸ್ಥಳೀಯರನ್ನೇ ಕೇಳಿ, 58 ಪ್ರಶ್ನೆಗಳನ್ನು ರೂಪಿಸಿದರು. 1,451 ಎಳೆಯರ ಉತ್ತರಗಳನ್ನು ಪರಿಶೀಲಿಸಿ, ಕೊನೆಗೆ 28 ಪ್ರಶ್ನೆಗಳನ್ನು ಉಳಿಸಿಕೊಂಡು 2011ರಲ್ಲಿ ಪ್ರಕಟಿಸಿದರು. ಮಗುವನ್ನು ಅತ್ಯಂತ ಚೆನ್ನಾಗಿ ಬಲ್ಲವರು ತುಂಬಬೇಕಾದ ಆವೃತ್ತಿಯೂ ಇದಕ್ಕೆ ಇದೆ. ಮನೆಯಲ್ಲಿ ಹೊಟ್ಟೆತುಂಬ ಊಟವಿದೆಯೇ, ಕುಟುಂಬ ಜೊತೆಗೆ ನಿಲ್ಲುತ್ತದೆಯೇ, ಸಮುದಾಯದ ಆಚರಣೆಗಳಲ್ಲಿ ಪಾಲಿದೆಯೇ ಎಂಬ ವಿಷಯಗಳೂ ಅದರಲ್ಲಿ ಬರುತ್ತವೆ. ಹಸಿದ ಮಗುವಿಗೆ ಧೈರ್ಯದ ಪಾಠ ಹೇಳಿ, ಅದು ಕುಸಿದಾಗ ಮಗುವಿನಲ್ಲೇ ಸತ್ವವಿಲ್ಲವೆಂದು ದೂರುವ ನಮ್ಮ ಚಾಳಿಗೆ ಉಂಗರ್ ಅವರ ಅಧ್ಯಯನವೊಂದು ಎಚ್ಚರಿಕೆ.

ರುಮೇನಿಯದ ಅನಾಥರು ಮತ್ತು ಬೆಂಗಳೂರಿನ ಮಕ್ಕಳು

ಎಷ್ಟೇ ಪ್ರೀತಿ ದೊರೆತರೂ ಪೂರ್ತಿ ಮಾಯದ ಗಾಯಗಳಿವೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ರುಮೇನಿಯದ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ 1989ರ ಡಿಸೆಂಬರಿನಲ್ಲಿ ಉರುಳಿದಾಗ, ಅಲ್ಲಿನ ಅನಾಥಾಲಯಗಳ ದಾರುಣ ಸ್ಥಿತಿ ಲೋಕಕ್ಕೆ ತಿಳಿಯಿತು. ತೊಟ್ಟಿಲುಗಳಲ್ಲೇ ದಿನಗಳನ್ನು ಕಳೆದ, ಎತ್ತಿಕೊಳ್ಳುವವರಿಲ್ಲದ ಆ ಮಕ್ಕಳಲ್ಲಿ ಅನೇಕರನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ಪಡೆದವು. ಅಂತಹ 165 ಮಕ್ಕಳನ್ನು ರಟ್ಟರ್ ಮತ್ತು ಸಂಗಡಿಗರು ಬಾಲ್ಯದಿಂದ ಯೌವನದವರೆಗೆ ಅಧ್ಯಯನ ಮಾಡಿದರು. ಸಾಕು ತಂದೆತಾಯಿಯರ ಉತ್ತರಗಳು ಅದರ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದವು. ಆರು ತಿಂಗಳು ತುಂಬುವುದರೊಳಗೆ ಅನಾಥಾಲಯದಿಂದ ಹೊರಬಂದ ಮಕ್ಕಳು ಇತರ ದತ್ತುಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಹಲವರಿಗೆ ತೊಂದರೆಗಳು ಯೌವನದವರೆಗೂ ಉಳಿದವು. ಆದರೂ ಅವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಯಾವ ವಯಸ್ಸಿನಲ್ಲಿಯೂ ಅಂತಹ ತೊಂದರೆ ಕಾಣಲಿಲ್ಲವೆಂದು 2017ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಉಳಿದ ನಾಲ್ವರನ್ನು ಬಲಹೀನರೆಂದು ಕರೆಯಲು ಯಾರಿಗೂ ಹಕ್ಕಿಲ್ಲ. ಅವರಿಗಾದ ಅನ್ಯಾಯ ಅಷ್ಟು ದೊಡ್ಡದು.

ನಮ್ಮ ನಾಡಿನಲ್ಲಿಯೂ ಈ ಚರಿತ್ರೆಯ ಒಂದು ಪುಟವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ನಗರದ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು ಮತ್ತು ಹಳ್ಳಿಗಳಲ್ಲಿ ಹದಿನಾರು ವರ್ಷದವರೆಗಿನ 2,064 ಮಕ್ಕಳ ಅಧ್ಯಯನ ನಡೆಸಿ 2005ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷ ದಾಟಿದವರಿಗೆ ಅಕೆನ್‌ಬಾಕ್ ಅವರ ಪಟ್ಟಿಯನ್ನೇ ಮೊದಲ ಜರಡಿಯಾಗಿ ಬಳಸಿದರು. ಬಳಿಕ ವಿವರವಾಗಿ ಪರೀಕ್ಷಿಸಿದಾಗ, ನೂರಕ್ಕೆ 12.5ರಷ್ಟು ಮಕ್ಕಳಲ್ಲಿ ಗಮನ ಕೊಡಬೇಕಾದ ಮಾನಸಿಕ ತೊಂದರೆಗಳಿರುವುದು ತಿಳಿಯಿತು. ಎಂಟು ಮಕ್ಕಳಲ್ಲಿ ಒಂದು ಮಗು ಎಂದಾಯಿತು. ನಮ್ಮ ಧರ್ಮೋಪದೇಶ ತರಗತಿಯ ಒಂದೊಂದು ಸಾಲು ಬೆಂಚನ್ನೂ ಈ ಲೆಕ್ಕದಿಂದ ನೋಡಿದರೆ, ನಮ್ಮ ಕಣ್ಣಿಗೆ ಬೀಳದ ಮಕ್ಕಳೆಷ್ಟು ಎಂದು ಯೋಚಿಸಬೇಕಾಗುತ್ತದೆ.

ಮತ್ತೆ ಆ ತಾಯಿಯ ಬಳಿಗೆ

ಎರಡು ದಿನಗಳ ನಂತರ ಆ ತಾಯಿ ಬಂದರು. ಅಷ್ಟರಲ್ಲಿ ಆಪ್ತಸಮಾಲೋಚಕಿಯವರನ್ನು ನಾನೇ ವಿಚಾರಿಸಿದ್ದೆ. ಈ ಕಾಗದದಿಂದ ಮಗುವನ್ನು ಯಾರೂ ಎಲ್ಲಿಗೂ ಕಳುಹಿಸುವುದಿಲ್ಲ, ಮುಂದಿನ ಮಾತುಕತೆಗೆ ಇದು ಮೊದಲ ಹೆಜ್ಜೆ ಅಷ್ಟೇ, ತರಗತಿಯ ಶಿಕ್ಷಕಿಯೂ ಒಂದು ಪ್ರತಿಯನ್ನು ತುಂಬುತ್ತಾರೆ ಎಂದು ಅವರು ತಿಳಿಸಿದ್ದರು. ಅದನ್ನು ಕೇಳಿ ತಾಯಿಯ ಮುಖ ಸ್ವಲ್ಪ ಹಗುರವಾಯಿತು. ಖಾಲಿ ಬಿಟ್ಟಿದ್ದ ಸಾಲುಗಳನ್ನು ಒಂದೊಂದಾಗಿ ಓದಿದರು. ಹೊಟ್ಟೆನೋವೆಂದು ಹೇಳುತ್ತಾನೆ, ಹೌದು. ರಾತ್ರಿ ಅಳುತ್ತಾನೆ, ಹೌದು. ಗುರುತು ಹಾಕುವಾಗ ಅವರ ಕೈ ನಡುಗುತ್ತಿತ್ತು.

ಇತರರಿಗೆ ನೆರವಾಗುವುದನ್ನು ಕುರಿತ ಸಾಲು ಬಂದಾಗ, "ಇವನೇನು ಮಾಡ್ತಾನೆ ಸ್ವಾಮಿ, ಸುಮ್ಮನೆ ಕೂತಿರ್ತಾನೆ" ಎಂದು ಮೊದಲನೆಯ ಚೌಕದ ಕಡೆಗೆ ಪೆನ್ನು ಒಯ್ದರು. ಬೆಳಗ್ಗೆ ನಲ್ಲಿ ನೀರು ಹಿಡಿಯುವವರು ಯಾರು ಎಂದು ನಾನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಂಡ ತೀರಿಹೋದಂದಿನಿಂದ ತಾನು ಏಳುವುದಕ್ಕೆ ಮೊದಲೇ ಕೊಡಗಳು ತುಂಬಿರುತ್ತವೆಂದೂ, ತಂಗಿಗೆ ತಲೆ ಬಾಚಿ ಶಾಲೆಗೆ ಕರೆದೊಯ್ಯುವವನೂ ಅವನೇ ಎಂದೂ ಹೇಳಿದರು. ಆ ಸಾಲಿಗೆ ಮೂರನೆಯ ಚೌಕದಲ್ಲಿ ಗುರುತು ಬಿದ್ದಿತು. ಕವಾಯಿಯ ದಾದಿಯರು ಬರೆದಿಟ್ಟಿದ್ದುದು ಇಂತಹದ್ದನ್ನೇ ಎಂದು ಆಗ ನನಗೆ ಅನಿಸಿತು.

ಹುಡುಗ ಅದೇ ಶಾಲೆಯಲ್ಲಿ ಮುಂದುವರಿದನು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದನು. ರಜೆಯಲ್ಲಿ ಅಜ್ಜಿ ಬಂದು ಅವರೊಡನೆ ಇರತೊಡಗಿದರು. ಮಾತು ಮರಳಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಈಗಲೂ ಅವನು ಮಿತಭಾಷಿಯೇ.

ಇಂತಹ ನಮೂನೆ ನಿಮ್ಮ ಕೈಗೂ ಬರಬಹುದು. ಬಂದಾಗ ಅಂಜಬೇಡಿ. ಅದು ಯಾತಕ್ಕಾಗಿ, ಯಾರು ನೋಡುತ್ತಾರೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಅದು ನಿಮ್ಮ ಹಕ್ಕು. ಮಗು ಹೇಗಿರಬೇಕೆಂಬ ನಿಮ್ಮ ಆಸೆಯನ್ನು ಬದಿಗಿಟ್ಟು, ಕೇಳಿದ ಅವಧಿಯಲ್ಲಿ ನೀವು ಕಂಡದ್ದನ್ನು ಬರೆಯಿರಿ. ಸಾಧ್ಯವಾದರೆ ಗಂಡಹೆಂಡತಿ ಬೇರೆಬೇರೆಯಾಗಿ ತುಂಬಿ, ಆಮೇಲೆ ಹೋಲಿಸಿ ನೋಡಿ; ಹೊಂದದ ಸಾಲುಗಳ ಬಗ್ಗೆ ಕುಳಿತು ಮಾತನಾಡಿ. ಮೊತ್ತ ಹೆಚ್ಚು ಬಂದರೆ ಅದು ರೋಗದ ಹೆಸರಲ್ಲ, ತಜ್ಞರನ್ನು ಕಾಣಲು ಒಂದು ಕಾರಣ ಮಾತ್ರ. ನಿಮ್ಮ ಮಗುವಿನ ವಿಷಯದಲ್ಲಿ ಆತಂಕವೇನೂ ಇಲ್ಲದಿದ್ದರೆ, ಪಕ್ಕದ ಮನೆಯ ಮಗುವಿನ ಕಡೆಗೆ ಒಮ್ಮೆ ನೋಡಿ. ಅದನ್ನು ನೆಚ್ಚಿದ ಹಿರಿಯರು ಒಬ್ಬರಾದರೂ ಇದ್ದಾರೆಯೇ? ಇಲ್ಲವಾದರೆ ಆ ಸ್ಥಾನ ನಿಮಗಾಗಿ ಕಾದಿದೆ.